ಜೀಪ್ ತರ್ತೀನಿ, ಇಲ್ಲೇ ಇರ್ರಿ

ಅವನ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಗಿಯಬೇಕು ಅಂತ ಅಂಬಿಕಾಳ ಕೈ ತುರಿಸಿತು. ಬಿಗಿಯಲಿಲ್ಲ.

"ಮುಷ್ಟಿ ಹಿಡೀರಿ," ಅಂದಳು.

ಪ್ರಶಾಂತ ಮುಷ್ಟಿ ಹಿಡಿದ. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳು ಯಾರವು ಅಂತ ಅವನಿಗಿನ್ನೂ ಹೊಳೆದಿರಲಿಲ್ಲ. ದಾವಣಗೆರೆಯ ಆ ಲ್ಯಾಬಿನಲ್ಲಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಸಾಲಾಗಿ ಕೂರುವ ಜನರಲ್ಲಿ ಅವತ್ತು ಅವನೂ ಒಬ್ಬ. ಸೈಕಲ್ ಕ್ಲಬ್ಬಿನ ರೈಡಿಗೆ ಹೋಗುವವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು.

ಇದೇ ತೋಳು. ಎರಡು ವರ್ಷದ ಹಿಂದೆ ಮರವಂತೆಯ ಮರಳಿನ ಮೇಲೆ ಕೂತಿದ್ದಾಗ ಇದು ಅವಳ ತೋಳಿಗೆ ತಾಗಿಕೊಂಡೇ ಇತ್ತು. ತಾಗಿದ್ದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸರಿದಿರಲಿಲ್ಲ.

"ನೋವಾಗುತ್ತೇನ್ರಿ?" ಅಂತ ಅವನು ನಗುತ್ತಾ ಕೇಳಿದ.

"ನೋವಾಗೋ ಹಂಗೆ ಚುಚ್ಚೋಕೂ ಬರುತ್ತೆ ನನಗೆ."

ಆ ದನಿಗೆ ಅವನು ತಲೆ ಎತ್ತಿದ. ತುಟಿಯ ಮೇಲಿನ ನಗು ಅಲ್ಲೇ ಒಣಗಿತು.

"ಅಂಬಿಕಾ?"

ಅಷ್ಟೊತ್ತಿಗೆ ಸೂಜಿ ಒಳಗೆ ಹೋಗಿ ಆಗಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ಅವಳ ಕೈ ಅಷ್ಟು ಹಗುರ. ಇದು ಸೂಜಿಯಲ್ಲಿ ತೀರಿಸುವ ಸೇಡಲ್ಲ. ಇಷ್ಟು ಸಣ್ಣದರಲ್ಲಿ ಮುಗಿಸಿಬಿಟ್ಟರೆ, ಎರಡು ವರ್ಷ ಅದನ್ನು ಎದೆಯೊಳಗಿಟ್ಟು ಸಾಕಿದ್ದಕ್ಕೆ ಏನರ್ಥ?

"ಆಯ್ತು. ಹತ್ತಿ ಒತ್ತಿ ಹಿಡ್ಕೊಳ್ರಿ," ಅಂದಳು.

ಅವನು ಎದ್ದು ಹೋಗಲಿಲ್ಲ. ಹಿಂದೆ ಸಾಲಿನಲ್ಲಿದ್ದ ಅಜ್ಜ ಕೆಮ್ಮಿದರೂ ಹೋಗಲಿಲ್ಲ.

"ಡಿಸೆಂಬರ್‌ನಾಗೆ ಮತ್ತೆ ಕೋಸ್ಟ್ ರೈಡ್ ಐತೆ," ಅಂದ. "ನೀವು ಬರಲ್ಲ ಅಂತ ಗೊತ್ತು. ಆದ್ರೂ ಕೇಳ್ತೀನಿ. ಬರ್ತೀರಾ?"

ಅಂಬಿಕಾ ರಕ್ತದ ಬಾಟಲಿಗೆ ಅವನ ಹೆಸರು ಬರೆದ ಚೀಟಿ ಅಂಟಿಸಿದಳು. ಆಮೇಲೆ ಮಾಸ್ಕ್ ಕೆಳಗಿಳಿಸಿ, ಎರಡು ವರ್ಷದಲ್ಲಿ ಮೊದಲ ಸಲ, ಅವನ ಮುಖ ನೋಡಿ ಚಂದಗೆ ನಕ್ಕಳು.

"ಬರ್ತೀನಿ. ಯಾಕ ಬರಬಾರ್ದು?"

* * *

ಹಿಂದೆ ನಡೆದದ್ದು ಹೀಗೆ.

ಹರಿಹರ, ದಾವಣಗೆರೆಯ ಸೈಕಲ್ ಹುಚ್ಚಿನವರೆಲ್ಲ ಸೇರಿ ಕಟ್ಟಿಕೊಂಡ ಕ್ಲಬ್ಬು ತುಂಗಭದ್ರಾ ಪೆಡಲರ್ಸ್. ವರ್ಷಕ್ಕೊಮ್ಮೆ ಹರಿಹರದ ಹೊಳೆ ಸೇತುವೆಯಿಂದ ಹೊರಟು, ಮಲೆಬೆನ್ನೂರು, ಹೊನ್ನಾಳಿ, ಶಿವಮೊಗ್ಗ ದಾಟಿ, ಹುಲಿಕಲ್ ಘಾಟಿ ಇಳಿದು, ಮರವಂತೆಯ ಕಡಲಿನಲ್ಲಿ ಕಾಲು ನೆನೆಸಿ, ಮತ್ತೆ ಅದೇ ಘಾಟಿ ಹತ್ತಿ ಊರಿಗೆ ಬರುತ್ತಿದ್ದರು. ಘಾಟಿಯಲ್ಲಿ ಜೋಡಿ ಜೋಡಿಯಾಗಿಯೇ ಹತ್ತಬೇಕು. ಜೋಡಿಯನ್ನು ಬಿಟ್ಟು ಮುಂದೆ ಹೋಗಬಾರದು. ಆ ಕ್ಲಬ್ಬಿಗೆ ಇದ್ದ ನಿಯಮ ಅದೊಂದೇ.

ಆ ವರ್ಷ ಅಂಬಿಕಾಳ ಜೋಡಿ ಪ್ರಶಾಂತ. ಸರಸ್ವತಿ ನಗರದ ಬಟ್ಟೆ ವ್ಯಾಪಾರದ ಮನೆತನದವನು. ಅವಳು ಗುತ್ತೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ಕೆಂಚವೀರಪ್ಪನ ಮಗಳು. ಆದರೆ ಸೈಕಲ್ ಮೇಲೆ ಕೂತರೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ದಾರಿಯುದ್ದಕ್ಕೂ ಅವನು ಮುಂದೆ ಹೋಗಿ ಗಾಳಿಗೆ ಎದೆ ಕೊಡುತ್ತಿದ್ದ. ಅವಳು ಅವನ ಬೆನ್ನಿನ ಮರೆಯಲ್ಲಿ ಹಗುರಾಗಿ ತುಳಿಯುತ್ತಿದ್ದಳು. ಪದೇ ಪದೇ ಹಿಂದೆ ತಿರುಗಿ ನೋಡುತ್ತಿದ್ದ. "ಮುಂದೆ ನೋಡ್ರಿ, ಲಾರಿ ಬರ್ತೈತೆ," ಅಂತ ಅವಳು ರೇಗುತ್ತಿದ್ದಳು. ಮರವಂತೆಯ ಸಂಜೆ, "ಊರಿಗೆ ಹೋದ ಮೇಲೆ ನಿಮಗೊಂದು ಮಾತು ಹೇಳೋದೈತೆ," ಅಂದಿದ್ದ. ಆ ಮಾತು ಏನು ಅಂತ ಅವಳಿಗೆ ಗೊತ್ತಿತ್ತು.

ಮರುದಿನ ಘಾಟಿಯ ನಡುವೆ ಅವಳ ಸೈಕಲ್ಲಿನ ಚೈನ್ ಕಡಿದುಹೋಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಲಗೇಜ್ ಜೀಪ್ ಮುಂದೆ ಹೋಗಿತ್ತು.

"ಜೀಪ್ ತರ್ತೀನಿ, ಇಲ್ಲೇ ಇರ್ರಿ," ಅಂದ ಪ್ರಶಾಂತ. ಹೋದ.

ಹಿಂದಿನಿಂದ ಬಂದ ಜೋಡಿಗಳು ಒಂದೊಂದಾಗಿ ನಿಂತು ಕೇಳಿದವು. "ನೀವು ಹೋಗ್ರಿ, ಪ್ರಶಾಂತ್ ಜೀಪ್ ತರ್ತಾರೆ," ಅಂತ ಎಲ್ಲರಿಗೂ ಹೇಳಿ ಕಳಿಸಿದಳು. ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಜೀಪ್ ಬರಲಿಲ್ಲ. ಬಿಸಿಲು ಇಳಿಯಿತು. ಅವಳು ಸೈಕಲ್ ತಳ್ಳಿಕೊಂಡು ನಡೆಯತೊಡಗಿದಳು. ಪೆಡಲಿಗೆ ಸಿಕ್ಕಿಸುವ ಆ ಸೈಕಲ್ ಬೂಟಿನಲ್ಲಿ ನಡೆಯಲು ಬರುವುದಿಲ್ಲ. ಕೊನೆಗೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆದಳು. ಘಾಟಿ ಮುಗಿದ ಜಾಗದಲ್ಲಿ ಹುಡುಗರು ಪ್ರಶಾಂತನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದರು. ಹುಲಿಕಲ್ ಘಾಟಿಯನ್ನು ಕ್ಲಬ್ಬಿನಲ್ಲಿ ಅಷ್ಟು ಬೇಗ ಯಾರೂ ಹತ್ತಿರಲಿಲ್ಲವಂತೆ. ಜೋಡಿಯ ನಿಯಮ ಅವತ್ತು ಯಾರಿಗೂ ನೆನಪಿರಲಿಲ್ಲ.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಮುಂದಿನ ಭಾನುವಾರ ಸನ್ಮಾನದ ಕಾರ್ಯಕ್ರಮದಲ್ಲಿ ಅವನು ಮೈಕ್ ಹಿಡಿದು, "ಅಂಬಿಕಾ ಅವರಿಗೂ ಒಂದು ಪ್ರೈಜ್ ಕೊಡ್ರಪ್ಪ. ಹುಲಿಕಲ್ ಘಾಟಿನ ನಡ್ಕೊಂಡು ನೋಡಿದ ಒಬ್ಬರೇ ಸೈಕ್ಲಿಸ್ಟ್ ಅವರು!" ಅಂದ.

ಸಭೆಯೆಲ್ಲ ನಕ್ಕಿತು. ಅಂಬಿಕಾ ಕೂಡ ನಕ್ಕಳು. ಅವನನ್ನು ಬಿಡು, ಆ ತನ್ನ ನಗುವನ್ನೇ ಅವಳು ಇನ್ನೂ ಕ್ಷಮಿಸಿರಲಿಲ್ಲ.

* * *

"ಅಂದ್ರೆ ನಿನ್ನ ಪ್ಲಾನ್ ಇದು," ಅಂದಳು ಬಿಲ್ಕೀಸ್, ಬೆಣ್ಣೆ ದೋಸೆಯ ಅಂಚು ಮುರಿಯುತ್ತಾ. ಹರಿಹರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಅವಳು ಕ್ಲಬ್ಬಿನಲ್ಲಿ ಅಂಬಿಕಾಳ ಒಬ್ಬಳೇ ಗೆಳತಿ. "ಅವನ ಜೋಡಿ ಆಗೋದು. ನಗೋದು. ಅವನಿಗೆ ಆಸೆ ಹುಟ್ಟಿಸೋದು. ಆಮೇಲೆ ಅದೇ ಘಾಟಿನಾಗೆ ಅವನ್ನ ಕೂರಿಸಿ ಬರೋದು."

"ಹೌದು."

"ಅವನ ಸೈಕಲ್ ಕೆಡಬೇಕಲ್ಲ ಅದಕ್ಕೆ?"

"ಸೈಕಲ್ ಮುಟ್ಟಲ್ಲ ನಾನು. ಅವನ್ನೇ ಕೆಡಿಸ್ತೀನಿ."

ಬಿಲ್ಕೀಸ್ ದೋಸೆ ಬಿಟ್ಟು ಅವಳನ್ನೇ ನೋಡಿದಳು. "ಯಾ ಅಲ್ಲಾ. ಇಷ್ಟು ಸಿಟ್ಟು ಇಟ್ಕೊಂಡು ನಿದ್ದೆ ಹೆಂಗೆ ಬರುತ್ತೆ ನಿಂಗೆ?"

"ಚೆನ್ನಾಗೇ ಬರುತ್ತೆ."

ನಿಜ. ಸಿಟ್ಟು ಅವಳನ್ನು ಸುಡಲಿಲ್ಲ, ಗಟ್ಟಿ ಮಾಡಿತ್ತು. ಈ ಎರಡು ವರ್ಷ ಅವಳು ಕ್ಲಬ್ಬಿಗೆ ಹೋಗದಿದ್ದರೂ ಸೈಕಲ್ ಬಿಟ್ಟಿರಲಿಲ್ಲ. ಡ್ಯೂಟಿಗೆ ಹೋಗುವ ಮುಂಚೆ ಬಾತಿ ಗುಡ್ಡದ ಏರನ್ನು ಹತ್ತಿ ಇಳಿದು, ಮತ್ತೆ ಹತ್ತುತ್ತಿದ್ದಳು. ತೊಡೆ ಉರಿದು ಇನ್ನಾಗದು ಅನ್ನಿಸಿದಾಗಲೆಲ್ಲ ಆ ಸಭೆಯ ನಗು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಅವಳ ಅವ್ವ ಮೈಲಮ್ಮ, "ಯಾರ ಮ್ಯಾಲೆ ಹಗೆ ತೀರಿಸ್ಕೊಳ್ತೀಯೇ, ಸೈಕಲ್ ಮ್ಯಾಲೋ, ಗುಡ್ಡದ ಮ್ಯಾಲೋ?" ಅಂತ ಬೈಯುತ್ತಿದ್ದಳು.

ಕ್ಲಬ್ಬಿನ ಅಧ್ಯಕ್ಷ ಬಕ್ಕೇಶಪ್ಪನವರು ಜೋಡಿಗಳ ಹೆಸರು ಹೇಳುವ ದಿನ ಪ್ರಶಾಂತ ತಾನೇ ಎದ್ದು ನಿಂತ. "ಅಂಬಿಕಾ ಒಪ್ಪಿದ್ರೆ ನಾನು ಅವರ ಜೋಡಿ." ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಳ್ಳುತ್ತಾ, ತುಸು ನಾಚಿದವಳ ಹಾಗೆ, "ಆಯ್ತು ಬಿಡ್ರಿ," ಅಂದಳು. ಆ ನಾಚಿಕೆಯನ್ನು ಕನ್ನಡಿಯ ಮುಂದೆ ಕಲಿತಿದ್ದಳು.

ಅಲ್ಲಿಂದ ಪ್ರತಿ ಭಾನುವಾರ ಇಬ್ಬರೂ ಜೊತೆಗೆ ಅಭ್ಯಾಸ ಮಾಡಿದರು. ಒಮ್ಮೆ ಕೊಂಡಜ್ಜಿ ಗುಡ್ಡಕ್ಕೆ, ಒಮ್ಮೆ ಮಲೆಬೆನ್ನೂರಿನ ಗದ್ದೆ ಬಯಲಿಗೆ. ಅವಳು ಅವನನ್ನು ಬಿಟ್ಟೂಬಿಡದೆ ನೋಡಿದಳು. ಎಲ್ಲಿ ಹೊಡೆದರೆ ಬೀಳುತ್ತಾನೆ ಅಂತ ತಿಳಿಯಬೇಕಿತ್ತು. ಏರಿನ ಶುರುವಿನಲ್ಲೇ ಜೋರು ಮಾಡುತ್ತಾನೆ. ಬಿಸಿಲು ತಡೆಯುವುದಿಲ್ಲ. ನೀರು ಕುಡಿಯುವುದು ಮರೆಯುತ್ತಾನೆ. ದಣಿದಾಗ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಆಗ ಯಾರಿಗೂ ಹೇಳದೆ ಹಿಮ್ಮಡಿ ಕೆಳಗೊತ್ತುತ್ತಾನೆ. ಮುಂದೆ ಯಾರಾದರೂ ವೇಗ ಹೆಚ್ಚಿಸಿದರೆ, ಬೇಡ ಅಂತ ಗೊತ್ತಿದ್ದರೂ, ಹಿಂಬಾಲಿಸದೆ ಇರಲಾರ.

ಹಾಗೆ ನೋಡುತ್ತಾ ನೋಡುತ್ತಾ, ಬೇಡದ್ದೂ ಕಣ್ಣಿಗೆ ಬಿತ್ತು. ದಾರಿಯಲ್ಲಿ ಟ್ರ್ಯಾಕ್ಟರ್ ಕಂಡರೆ ಅವನು ಯಾವಾಗಲೂ ರಸ್ತೆಯ ಕಡೆಗೆ ತಾನು ಬಂದು ಅವಳನ್ನು ಒಳಗೆ ಬಿಡುತ್ತಾನೆ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಊದುವಾಗ ಚಿಕ್ಕ ಮಗುವಿನ ಹಾಗೆ ಕಾಣುತ್ತಾನೆ. ಈಗೀಗ ಹಿಂದೆ ತಿರುಗಿ ನೋಡಿದರೆ ನಗುವುದಿಲ್ಲ. ಅವಳಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು ಮುಂದೆ ನೋಡುತ್ತಾನೆ.

"ಯಾಕ ಹಂಗೆ ನೋಡ್ತೀರಿ?" ಅಂತ ಒಂದು ದಿನ ಕೇಳಿಯೇಬಿಟ್ಟ.

"ನೋಡಬಾರ್ದಾ?"

"ನೋಡ್ರಿ ನೋಡ್ರಿ. ನಿಮ್ಮ ಕಣ್ಣಾಗೆ ಏನೈತೆ ಅಂತ ಗೊತ್ತಾಗ್ತಿಲ್ಲ, ಅದಕ್ಕೆ ಕೇಳಿದೆ."

ಅವಳು ಮುಖ ತಿರುಗಿಸಿದಳು. ಗೇರ್ ಬದಲಿಸಿ ಮುಂದೆ ಹೋಗಿಬಿಟ್ಟಳು.

* * *

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ನಡುವಿನ ಆ ರಸ್ತೆಗೆ ಪೆಡಲರ್ಸ್ ಬಂದು ಮುಟ್ಟಿದಾಗ ಹೊಳೆಯ ನೀರು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಬಯಲುಸೀಮೆಯ ಜನ ಕಡಲು ಕಂಡ ಕೂಡಲೇ ಸೈಕಲ್ಲುಗಳನ್ನು ಮರಳಿನಲ್ಲೇ ಕೆಡವಿ ಓಡಿದರು. ಬಕ್ಕೇಶಪ್ಪನವರು ಪ್ಯಾಂಟು ಮಡಚಿಕೊಂಡು ಅಲೆಯೊಂದಿಗೆ ಜಗಳಕ್ಕೆ ನಿಂತರು.

ರಸ್ತೆ ಬದಿಯ ಹೋಟೆಲಿನಲ್ಲಿ ಅಂಬಿಕಾ ಹುರಿದ ಬಂಗುಡೆ ತರಿಸಿಕೊಂಡಳು. ಪ್ರಶಾಂತ ಎದುರಿಗೆ ನೀರುದೋಸೆ ಇಟ್ಟುಕೊಂಡು ಕೂತ. ಲಿಂಗ ಕಟ್ಟಿದ ಮನೆಯವನು, ಮೀನಿನ ವಾಸನೆಗೆ ಎದ್ದು ಹೋಗುತ್ತಾನೆ ಅಂತ ಅವಳು ಬೇಕೆಂದೇ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅವನು ಹೋಗಲಿಲ್ಲ. ಅವಳು ಮುಳ್ಳು ಬಿಡಿಸುವುದನ್ನೇ ನೋಡುತ್ತಾ ಕೂತ.

"ಎಷ್ಟು ಹುಷಾರಾಗಿ ಬಿಡಿಸ್ತೀರಿ," ಅಂದ.

"ಅವಸರ ಮಾಡಿದ್ರೆ ಗಂಟಲಿಗೆ ಸಿಗುತ್ತೆ."

"ನಾನು ಅವಸರದ ಮನುಷ್ಯ."

"ಗೊತ್ತು," ಅಂದಳು. ಆ ಒಂದು ಮಾತು ಅವಳಿಗೇ ತಿಳಿಯದಂತೆ ಕತ್ತಿಯಾಗಿ ಹೊರಬಿತ್ತು.

ಅವನು ಕೈ ತೊಳೆದು ಬಂದು ಎದುರಿಗೆ ನಿಂತ. "ಅಂಬಿಕಾ, ಅವತ್ತಿನ ವಿಷಯ..."

"ಇಲ್ಲಿ ಬ್ಯಾಡ್ರಿ," ಅಂದಳು ಬೇಗನೆ. "ಏನಿದ್ರೂ ನಾಳೆ, ಘಾಟಿ ಹತ್ತಿದ ಮೇಲೆ."

ಕ್ಷಮೆ ಕೇಳುವುದಕ್ಕೂ ಅವನಿಗೆ ಜಾಗ ಕೊಡಬಾರದು. ಕೇಳಿಬಿಟ್ಟರೆ ತನ್ನ ಕೈ ಸೋತುಹೋಗುತ್ತದೆ ಅಂತ ಅವಳಿಗೆ ಭಯವಾಗಿತ್ತು. ಆ ಭಯ ಯಾಕಾಯಿತು ಅನ್ನುವುದನ್ನು ಅವಳು ಯೋಚಿಸಲು ಹೋಗಲಿಲ್ಲ.

* * *

ಮರುದಿನ ಸಿದ್ದಾಪುರ ದಾಟಿದ ಮೇಲೆ ಅವಳು ವೇಗ ಹೆಚ್ಚಿಸಿದಳು. ಬಿಸಿಲೇರುತ್ತಿತ್ತು. ಕರಾವಳಿಯ ಆ ಬಿಸಿಲು ದಾವಣಗೆರೆಯದರ ಹಾಗಲ್ಲ, ಬೆವರು ಆರುವುದೇ ಇಲ್ಲ. ಹಿಂದಿನಿಂದ ಅವನ ಟೈರಿನ ಸದ್ದು ಬಿಡದೆ ಬರುತ್ತಿತ್ತು. ಬರುತ್ತಾನೆ ಅಂತ ಗೊತ್ತಿತ್ತು. ಹೊಸಂಗಡಿಯಲ್ಲಿ ಎಲ್ಲರೂ ನಿಂತು ಎಳನೀರು ಕುಡಿದರೆ, "ನಿಲ್ಲೋದ್ ಬ್ಯಾಡ, ನಡೀರಿ," ಅಂತ ನಕ್ಕು ಕಣ್ಣಲ್ಲೇ ಕರೆದಳು. ಆ ನಗುವಿಗೆ ಅವನು ಬಾಯಿಗಿಟ್ಟ ಎಳನೀರು ಬಿಟ್ಟು ಬಂದ.

ಘಾಟಿ ಶುರುವಾಯಿತು. ತಿರುವಿನ ಮೇಲೆ ತಿರುವು. ಅವಳು ಒಂದೇ ಲಯದಲ್ಲಿ ತುಳಿದಳು. ಅವನು ಪಕ್ಕಕ್ಕೆ ಬಂದ, ಸ್ವಲ್ಪ ಹಿಂದಾದ, ಮತ್ತೆ ಬಂದ. ಅವನ ಉಸಿರು ಹರಿದುಹೋಗುತ್ತಿರುವುದು ಕೇಳುತ್ತಿತ್ತು. ಎಡ ಹಿಮ್ಮಡಿಯನ್ನು ಕೆಳಗೊತ್ತಿದ್ದನ್ನು ಓರೆಗಣ್ಣಲ್ಲೇ ನೋಡಿದಳು. ಇನ್ನೊಂದು ಗೇರ್ ಏರಿಸಿದಳು.

ನಡು ಘಾಟಿಯ ತಿರುವೊಂದರಲ್ಲಿ ಅವನು ಕೂಗಿಕೊಂಡ. ಸೈಕಲ್ ರಸ್ತೆ ಬದಿಯ ಗೋಡೆಗೆ ಒರಗಿ ನಿಂತಿತು. ಪ್ರಶಾಂತ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಗಂಟು ಕಟ್ಟಿದ್ದು ದೂರದಿಂದಲೇ ಕಾಣುತ್ತಿತ್ತು.

ಅಂಬಿಕಾ ಒಂದು ಕಾಲು ಊರಿ ನಿಂತಳು. ಎಷ್ಟು ಸಲ ಮನಸ್ಸಿನಲ್ಲಿ ಆಡಿ ನೋಡಿದ್ದ ಮಾತು!

"ಜೀಪ್ ತರ್ತೀನಿ," ಅಂದಳು. "ಇಲ್ಲೇ ಇರ್ರಿ."

ಅವನು ತಲೆ ಎತ್ತಿ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅರ್ಥವಾಯಿತು ಅಂತ ಅವಳಿಗೂ ಅರ್ಥವಾಯಿತು. ಕೂಗುತ್ತಾನೆ, ಬೇಡಿಕೊಳ್ಳುತ್ತಾನೆ ಅಂತ ಕಾದಳು. ಅವನು ತನ್ನ ನೀರಿನ ಬಾಟಲಿ ಕಿತ್ತು ಮುಂದೆ ಚಾಚಿದ.

"ನಿಮ್ದು ಖಾಲಿ ಆಗೈತೆ. ಮೇಲೆ ತನಕ ಎಲ್ಲೂ ನೀರು ಸಿಗಂಗಿಲ್ಲ. ತಗೊಂಡ್ ಹೋಗ್ರಿ."

ಅವಳು ಆ ಬಾಟಲಿ ತಗೊಂಡಳು. ತಗೊಂಡು, ಹಿಂದೆ ನೋಡದೆ ಹೊರಟುಹೋದಳು.

* * *

ಘಾಟಿಯ ತುದಿಯ ಚಹಾ ಅಂಗಡಿಯ ಹತ್ತಿರ ಬಕ್ಕೇಶಪ್ಪನವರ ಜೀಪ್ ನಿಂತಿತ್ತು. ಅಂಬಿಕಾ ನಡೆದು ಬಂದ ಆ ವರ್ಷದಿಂದ, ಕೊನೆಯ ಜೋಡಿ ಬರುವವರೆಗೂ ಅವರು ಜೀಪನ್ನು ಅಲ್ಲಿಂದ ಕದಲಿಸುತ್ತಿರಲಿಲ್ಲ.

"ಮೊದಲು ನೀನೇ ಬಂದಿಯಲ್ಲವ್ವಾ! ಶಭಾಷ್!" ಅಂತ ಅವರು ಚಪ್ಪಾಳೆ ಹೊಡೆದರು. "ಎಲ್ಲಿ ನಿನ್ನ ಜೋಡಿ?"

"ಬರ್ತಿದಾರೆ, ಅಂಕಲ್."

ಬೆಂಚಿನ ಮೇಲೆ ಕೂತಳು. ಚಹಾ ಬಂತು. ಗೆದ್ದಿದ್ದಳು. ಎರಡು ವರ್ಷ ಕಾದದ್ದು ಕೈಗೆ ಬಂದಿತ್ತು. ಅದು ಸಪ್ಪೆ ಅನ್ನಿಸಲಿಲ್ಲ. ಎದೆ ತುಂಬಿ ಬಂದಿತ್ತು. ಈಗ ಅವನು ರಸ್ತೆಯ ತಿರುವನ್ನೇ ನೋಡುತ್ತಾ ಕೂತಿರುತ್ತಾನೆ. ಪ್ರತಿ ಗಾಡಿಯ ಸದ್ದಿಗೂ ಜೀಪೇ ಬಂತು ಅಂದುಕೊಳ್ಳುತ್ತಾನೆ. ಕೂರಲಿ. ಬಿಸಿಲು ಇಳಿಯುವವರೆಗೂ ಕೂರಲಿ. ಅವನ ಬಾಟಲಿಯ ನೀರು ಕುಡಿದು, ಖಾಲಿ ಬಾಟಲಿಯನ್ನು ಬೆಂಚಿನ ಮೇಲಿಟ್ಟಳು.

ಬಹಳ ಹೊತ್ತಿನ ಮೇಲೆ ಬಿಲ್ಕೀಸ್ ಮತ್ತು ಅವಳ ಜೋಡಿ ಬಂದರು. ಬಿಲ್ಕೀಸ್ ಸೈಕಲ್ ನಿಲ್ಲಿಸಿದವಳೇ ನೇರ ಅಂಬಿಕಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಕೂತಿದಾನೆ. ಕಾಲು ಊರೋಕಾಗ್ತಿಲ್ಲ. ನಾವು ನಿಂತ್ವಿ. ಏನಂದ ಗೊತ್ತಾ? 'ನೀವು ಹೋಗ್ರಿ, ಅಂಬಿಕಾ ಜೀಪ್ ತರ್ತಾರೆ' ಅಂದ."

"ಅವನಿಗೆ ಗೊತ್ತು, ನಾನು ತರಲ್ಲ ಅಂತ."

"ಗೊತ್ತಿದ್ದೇ ಅಂದ. ನಗ್ತಾ ಅಂದ. ಹಿಂದೆ ಬರ್ತಿರೋ ಎಲ್ಲರಿಗೂ ಅದೇ ಹೇಳಿ ಕಳಿಸ್ತಿದಾನೆ."

ಅಂಬಿಕಾ ಎದ್ದು ನಿಂತಳು. ಅವಳ ಮುಖಕ್ಕೆ ರಕ್ತ ನುಗ್ಗಿತು. ಇವನು ಕೂಗಾಡಬೇಕಿತ್ತು. ಬಂದವರ ಹತ್ತಿರ ಅವಳನ್ನು ಬೈಯಬೇಕಿತ್ತು. ಅಂದು ಅವಳು ಅವನ ಮಾನ ಕಾಯುತ್ತಾ ನಿಂತಿದ್ದ ಜಾಗದಲ್ಲಿ ಈಗ ಅವನು ಅವಳ ಮಾನ ಕಾಯುತ್ತಾ ಕೂತರೆ, ಅವಳ ಸೇಡು ಸೇಡಾಗುವುದಾದರೂ ಹೇಗೆ?

ಬಕ್ಕೇಶಪ್ಪನವರು ಜೀಪಿನ ಕೀ ತೆಗೆದಿದ್ದರು. "ಏನಾತು? ಪ್ರಶಾಂತ ಕೆಳಗೆ ಬಿದ್ದಾನಾ? ನೀನು ಹೇಳಲೇ ಇಲ್ಲವಲ್ಲ, ಅಂಬಿಕಾ?"

"ಜೀಪ್ ಬ್ಯಾಡ, ಅಂಕಲ್. ನಾನೇ ಹೋಗ್ತೀನಿ."

"ಕೆಳಗೆ ಹೋದ್ರೆ ಮತ್ತೆ ಹತ್ತಬೇಕು, ಹುಡುಗಿ!" ಅಂತ ಅವರು ಕೂಗಿದ್ದು ಅವಳ ಹಿಂದೆ ಉಳಿಯಿತು. ಬಾಟಲಿ ತುಂಬಿಸಿಕೊಂಡು ಅವಳು ಆಗಲೇ ಇಳಿಜಾರಿನಲ್ಲಿದ್ದಳು.

* * *

"ಯಾಕ ಹಂಗೆ ಹೇಳಿದ್ರಿ ಎಲ್ಲರಿಗೂ?" ಸೈಕಲ್ಲಿನಿಂದ ಇಳಿಯುವ ಮುಂಚೆಯೇ ಕೂಗಿದಳು. "ಬಿಟ್ಟು ಹೋದ್ಲು ಅಂತ ಹೇಳೋಕೆ ಬಾಯಿ ಇರ್ಲಿಲ್ವಾ?"

ಪ್ರಶಾಂತ ಗೋಡೆಗೆ ಒರಗಿ ಕೂತಿದ್ದವನು ಮೈ ನೆಟ್ಟಗೆ ಮಾಡಿಕೊಂಡ. "ನೀವೂ ಹೇಳಿರ್ಲಿಲ್ಲ ಅವತ್ತು."

"ನನಗೆ ಗೊತ್ತಿರ್ಲಿಲ್ಲ! ನೀವು ಬರ್ತೀರಿ ಅಂತ ನಂಬಿದ್ದೆ!"

ಅವನು ತಲೆ ತಗ್ಗಿಸಿದ.

"ಯಾಕ ಬರ್ಲಿಲ್ಲ ಅವತ್ತು?" ಅಂದಳು. ದನಿ ತಗ್ಗಿತ್ತು. "ಎರಡು ವರ್ಷದಿಂದ ಯೋಚ್ನೆ ಮಾಡ್ತಿದೀನಿ. ಕಾರಣ ಏನಾದ್ರೂ ಇದ್ದಿರ್ಬೇಕು ಅಂತ. ಬಿದ್ದಿರ್ಬೇಕು, ದಾರಿ ತಪ್ಪಿರ್ಬೇಕು... ಹೇಳ್ರಿ."

"ಕಾರಣ ಇಲ್ಲ."

"ಅಂದ್ರೆ?"

"ಎರಡು ತಿರುವು ಹತ್ತಿದ ಮೇಲೆ ಗಡಿಯಾರ ನೋಡಿದೆ. ಯಾರೂ ಹತ್ತದಷ್ಟು ಬೇಗ ಹತ್ತಬಹುದು ಅಂತ ಗೊತ್ತಾತು. ನೀವು ನೆನಪಿದ್ರಿ. ಮರೆತೆ ಅಂತ ಸುಳ್ಳು ಹೇಳಲ್ಲ. ನೆನಪಿದ್ದೂ ಹೋದೆ. ಮೇಲೆ ಹೋಗಿ ಜೀಪಿಗೆ ಹೇಳಿದ್ರಾತು ಅಂತ. ಮೇಲೆ ಹೋದ್ರೆ ಎತ್ತಿ ಕುಣಿಸಿದ್ರು. ಅವರ ಹೆಗಲ ಮೇಲೆ ಕೂತ್ಕೊಂಡು ನಾನು... ಜೀಪಿನ ಮಾತು ಸ್ವಲ್ಪ ಹೊತ್ತು ತಡೀಲಿ ಅಂದ್ಕೊಂಡೆ."

ಅವಳಿಗೆ ಹೊಡೆದಂತಾಯಿತು. ಸುಳ್ಳೊಂದು ಹೇಳಿದ್ದರೆ ಚೆನ್ನಾಗಿತ್ತು.

"ಆ ಮೈಕ್ ಮಾತು?"

"ಅದು ಹೆದರಿಕೆ. ನೀವು ಎದ್ದು ನಿಂತು ಎಲ್ಲರ ಮುಂದೆ ಕೇಳಿಬಿಡ್ತೀರಿ ಅಂತ ಹೆದರಿದ್ದೆ. ನಾನೇ ಮೊದಲು ನಗಿಸಿಬಿಟ್ರೆ ನೀವು ಕೇಳಂಗಿಲ್ಲ ಅಂತ ಗೊತ್ತಿತ್ತು." ಒಣಗಿದ ತುಟಿ ಸವರಿಕೊಂಡ. "ನೀವೂ ನಕ್ರಿ. ಆಗ ನನಗೆ ಗೊತ್ತಾತು, ಏನು ಮಾಡ್ದೆ ಅಂತ. ಆಮೇಲೆ ನಿಮ್ಮ ಲ್ಯಾಬಿನ ಮುಂದೆ ಎಷ್ಟೋ ಸಲ ಬಂದು ವಾಪಸ್ ಹೋಗಿದೀನಿ. ಈ ಸಲ ರಕ್ತದ ನೆಪ ಸಿಕ್ತು, ಒಳಗೆ ಬಂದೆ. ಮಾಸ್ಕಿನಾಗೆ ಇರೋದು ನೀವೇ ಅಂತ ಮೊದಲು ಗೊತ್ತಾಗ್ಲಿಲ್ಲ. ಬರ್ತೀನಿ ಅಂತ ನೀವು ನಕ್ಕಾಗ, ಏನೋ ಮಾಡ್ತೀರಿ ಅಂತ ಗೊತ್ತಾತು."

"ಗೊತ್ತಿತ್ತಾ? ಗೊತ್ತಿದ್ದೂ ಜೋಡಿ ಆದ್ರಾ?"

"ಅದಕ್ಕೇ ಆದೆ."

ಅಂಬಿಕಾ ಅವನ ಎದುರಿಗೆ ರಸ್ತೆಯ ಮೇಲೇ ಕುಕ್ಕರಿಸಿ ಕೂತಳು. ಬಾಟಲಿ ಚಾಚಿದಳು. ಅವನು ಗಟಗಟ ಕುಡಿದ, ಗಲ್ಲದಿಂದ ಕತ್ತಿನವರೆಗೆ ನೀರು ಇಳಿಯಿತು. ಅದನ್ನು ನೋಡಬಾರದು ಅಂದುಕೊಂಡರೂ ನೋಡಿದಳು. ಆಮೇಲೆ ಅವನ ಎಡಗಾಲನ್ನು ತನ್ನ ಮೊಣಕಾಲಿನ ಮೇಲೆ ಎಳೆದುಕೊಂಡು, ಗಂಟು ಕಟ್ಟಿದ ಮೀನಖಂಡಕ್ಕೆ ಎರಡೂ ಹೆಬ್ಬೆರಳು ಒತ್ತಿದಳು. ಅವನು ಹಲ್ಲು ಕಚ್ಚಿದ.

"ನೋವಾಗ್ತಿದೆಯಾ?"

"ಆಗ್ತಿದೆ."

"ಆಗ್ಲಿ," ಅಂದಳು. ಇನ್ನಷ್ಟು ಒತ್ತಿದಳು. ಅವಳ ಕಣ್ಣಿನಿಂದ ಎರಡು ಹನಿ ಅವನ ಮಂಡಿಯ ಮೇಲೆ ಬಿದ್ದವು. ಇಬ್ಬರೂ ಅದು ಬೆವರು ಅನ್ನುವಂತೆ ಸುಮ್ಮನಿದ್ದರು.

ಗಂಟು ಸಡಿಲವಾದ ಮೇಲೆ ಅವನು ಕೇಳಿದ, "ಜೀಪ್?"

"ಮೇಲೈತೆ. ಇಲ್ಲಿಗೆ ಬರಂಗಿಲ್ಲ. ನಾನು ನಡೆದೀನಿ, ನೀವೂ ನಡೀರಿ."

ಅವನು ನಕ್ಕ. ಬೂಟು ಬಿಚ್ಚಿ ಹ್ಯಾಂಡಲ್ಲಿಗೆ ತೂಗುಹಾಕಿದ. ಅವಳೂ ಬಿಚ್ಚಿದಳು.

"ನೀವು ಯಾಕೆ? ನೀವು ಸೈಕಲ್ ಹತ್ತಿ ಹೋಗಬಹುದಲ್ಲ," ಅಂದ.

"ನೀವು ಕುಂಟೋದು ಹತ್ತಿರದಿಂದ ನೋಡ್ಬೇಕು ನಾನು."

ಎರಡು ಸೈಕಲ್ಲು, ಬರಿಗಾಲಿನ ಎರಡು ಜೀವ. ಬಿಸಿ ಆರುತ್ತಿದ್ದ ರಸ್ತೆ. ಕೆಲವು ತಿರುವು ಹತ್ತಿದರು. ಆಮೇಲೆ ಅವನು, ರಸ್ತೆಯನ್ನೇ ನೋಡುತ್ತಾ, "ನಮ್ಮವ್ವಗೆ ಹೇಳೀನಿ, ನಿಮ್ಮ ವಿಷಯ," ಅಂದ.

"ಏನಂತ?"

"ಗುತ್ತೂರಿನ ಹುಡುಗಿ ಒಬ್ಬಳು ಅದಾಳೆ, ನನ್ನ ಕಂಡ್ರೆ ಆಗಲ್ಲ ಅವಳಿಗೆ. ಆದ್ರೂ ಮದುವೆ ಅಂತ ಆದ್ರೆ ಅವಳನ್ನೇ ಆಗೋದು ಅಂತ."

ಅವಳ ಕಾಲು ಒಂದು ಹೆಜ್ಜೆ ತಡವಾಯಿತು. "ಅವರೇನಂದ್ರು?"

"ಒಂದು ತಿಂಗಳಿಂದ ಮಾತಾಡ್ತಿಲ್ಲ. ರೊಟ್ಟಿ ಮಾತ್ರ ತಟ್ಟಿ ಹಾಕ್ತಾಳೆ. ಅವಳೂ ದ್ರಾಕ್ಷಾಯಣಮ್ಮ, ನಾನೂ ಅವಳ ಮಗ. ನೋಡೋಣ ಯಾರು ಮೊದಲು ಸೋಲ್ತೀವಿ ಅಂತ."

"ಮೀನು ತಿನ್ನೋ ಸೊಸೆ ಬ್ಯಾಡ ಅಂತಾರೆ."

"ಅಂದ್ಲು. ಮುಳ್ಳು ಎಷ್ಟು ಚೆಂದ ಬಿಡಿಸ್ತಾಳೆ ಅಂತ ನಾನು ಈಗ ನೋಡೀನಲ್ಲ, ಹೋಗಿ ಹೇಳ್ತೀನಿ."

ಅಂಬಿಕಾಗೆ ನಗು ಬಂತು. ತಡೆದಳು. ತಡೆದಿದ್ದನ್ನು ಅವನು ಕಂಡ.

"ನಾನಿನ್ನೂ ಒಪ್ಪಿಲ್ಲ," ಅಂದಳು. "ಮೇಲೆ ಮೈಕ್ ಇಲ್ಲ. ಆದ್ರೆ ಜನ ಅದಾರೆ. ಅವತ್ತು ನಕ್ಕವರೆಲ್ಲ ಅದಾರೆ."

ಅವನು ತಲೆಯಾಡಿಸಿದ. ಅಷ್ಟೇ.

ತುದಿ ಮುಟ್ಟಿದಾಗ ಕ್ಲಬ್ಬಿನವರೆಲ್ಲ ರಸ್ತೆಗೆ ಇಳಿದು ನಿಂತಿದ್ದರು. ಯಾರೋ, "ಏನೋ ಹುಲಿ, ಕುಂಟ್ತಾ ಬಂದೆ!" ಅಂತ ಕೂಗಿದರು. ನಗು ಎದ್ದಿತು. ಪ್ರಶಾಂತ ಸೈಕಲ್ಲನ್ನು ಜೀಪಿಗೆ ಒರಗಿಸಿ, ಚಹಾ ಅಂಗಡಿಯ ಮೆಟ್ಟಿಲ ಮೇಲೆ ನಿಂತ.

"ನಗಬ್ಯಾಡ್ರಿ," ಅಂದ. "ಒಂದು ಮಾತು ಹೇಳೋದೈತೆ."

ಎಲ್ಲ ಹೇಳಿದ. ಚೈನ್ ಕಡಿದದ್ದು, ಗಡಿಯಾರ ನೋಡಿದ್ದು, ಹೆಗಲ ಮೇಲೆ ಕೂತು ಸುಮ್ಮನಿದ್ದದ್ದು, ಮೈಕ್ ಹಿಡಿದು ಯಾಕೆ ನಗಿಸಿದ್ದು. ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅಂದು ಅವನನ್ನು ಎತ್ತಿದ್ದ ಹುಡುಗರು ನೆಲ ನೋಡಿದರು. ಬಕ್ಕೇಶಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತು ಯಾರು ಯಾರನ್ನು ಬಿಟ್ಟು ಬಂದರು ಅನ್ನುವುದನ್ನು ಮಾತ್ರ ಅವನು ಹೇಳಲಿಲ್ಲ. ಅಂಬಿಕಾ ಕೂಡ ಹೇಳಲಿಲ್ಲ. ಅವನನ್ನು ನಡುವೆ ತಡೆದು ಉಳಿಸಲೂ ಇಲ್ಲ. ಕೊನೆಯ ಮಾತಿನವರೆಗೂ ಕೈ ಕಟ್ಟಿಕೊಂಡು ನಿಂತು ಕೇಳಿದಳು. ಸುಳ್ಳು ಯಾಕೆ, ಅವಳಿಗೆ ಅದು ಸಿಹಿಯಾಗಿತ್ತು.

ಜನ ಮೆಲ್ಲಗೆ ಚದುರಿದರು. ಬಿಲ್ಕೀಸ್ ಗೆಳತಿಯ ಭುಜ ಅದುಮಿ, ಸೈಕಲ್ ಜೀಪಿಗೆ ಏರಿಸಲು ಹೋದಳು. ಪ್ರಶಾಂತ ಮೆಟ್ಟಿಲ ಮೇಲೆಯೇ ಕುಸಿದು ಕೂತಿದ್ದ. ಇಡೀ ಘಾಟಿಗಿಂತ ಆ ನಾಲ್ಕು ಮಾತು ಅವನನ್ನು ಜಾಸ್ತಿ ದಣಿಸಿತ್ತು.

ಅಂಬಿಕಾ ಎರಡು ಚಹಾ ತಂದು, ಒಂದನ್ನು ಅವನ ಕೈಗಿಟ್ಟು ಪಕ್ಕದಲ್ಲಿ ಕೂತಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. ಕುಡಿಯಲಿಲ್ಲ.

"ಹೋಯ್ತಾ ಸಿಟ್ಟು?" ಅಂತ ಮೆಲ್ಲಗೆ ಕೇಳಿದ.

ಅವಳು ತನ್ನೊಳಗೆ ಹುಡುಕಿ ನೋಡಿದಳು. ಸಿಟ್ಟು ಇತ್ತು. ಮೊದಲಿನಷ್ಟಲ್ಲ, ಆದರೂ ಇತ್ತು. ಇಷ್ಟು ವರ್ಷ ಜೊತೆಗಿದ್ದದ್ದು ಒಂದೇ ಸಂಜೆಯಲ್ಲಿ ಎದ್ದು ಹೋಗುತ್ತದೆಯೇ?

"ಇಲ್ಲ," ಅಂದಳು. "ಇನ್ನೂ ಐತೆ. ಅದು ಹೋಗೋ ತನಕ ನೀನು ನನ್ನ ಕಣ್ಣ ಮುಂದೆನೇ ಇರ್ಬೇಕು."

'ನೀನು' ಅಂದದ್ದು ಅವಳಿಗೆ ಆಡಿದ ಮೇಲೆ ಗೊತ್ತಾಯಿತು. ಅವನು ಚಹಾ ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ಹೋಗದೇ ಇದ್ರೆ?"

ಅಂಬಿಕಾ ಅವನ ಕಡೆ ತಿರುಗಿದಳು. ಈ ಸಲದ ನಗುವನ್ನು ಅವಳು ಯಾವ ಕನ್ನಡಿಯ ಮುಂದೂ ಕಲಿತಿರಲಿಲ್ಲ.

"ಆಗಲೂ ಇರು."